ಹವ್ಯಾಸಿ ಸವಾರ ಅಂದರೆ ಯಾರು? ದೇಶಕ್ಕೊಂದು ಲೆಕ್ಕ

ಅಮೆರಿಕದ ಕುದುರೆ ಪ್ರದರ್ಶನದಲ್ಲಿ ಗೆದ್ದವರಿಗೆ ನೀಲಿ ರಿಬ್ಬನ್ ಕೊಡುತ್ತಾರೆ, ಎರಡನೆಯವರಿಗೆ ಕೆಂಪು. ಬ್ರಿಟನ್ನಿನಲ್ಲಿ ಇದು ಉಲ್ಟಾ. ಅಲ್ಲಿ ಕೆಂಪು ಮೊದಲು, ನೀಲಿ ಎರಡನೆಯದು. ಅಮೆರಿಕದ ಗಡಿ ದಾಟಿ ಕೆನಡಾಕ್ಕೆ ಕಾಲಿಟ್ಟರೆ ಮತ್ತೆ ಕೆಂಪೇ ಮೇಲು. ಆಸ್ಟ್ರೇಲಿಯಾದಲ್ಲಿ ನೀಲಿ. ಯಾರದೋ ಮನೆಯ ಗೋಡೆಯಲ್ಲಿ ಸಾಲಾಗಿ ನೀಲಿ ರಿಬ್ಬನ್ ತೂಗುತ್ತಿದ್ದರೆ, ಇವರು ಯಾವಾಗಲೂ ಗೆದ್ದವರೋ, ಪ್ರತಿ ಸಲ ಕೂದಲೆಳೆಯಲ್ಲಿ ಸೋತವರೋ ಅಂತ ದೇಶ ಕೇಳದೆ ಹೇಳಲು ಬರುವುದಿಲ್ಲ.

ಬಣ್ಣದ ಗೊಂದಲ ಸುಮ್ನೆ ತಮಾಷೆ. ನಿಜವಾಗಿ ತಲೆ ಕೆಡಿಸುವುದು ‘ಹವ್ಯಾಸಿ’ ಅನ್ನುವ ಮಾತು. ನಾಟಕದವರಲ್ಲಿ ಹವ್ಯಾಸಿ ತಂಡ ಯಾವುದು, ವೃತ್ತಿ ಕಂಪನಿ ಯಾವುದು ಅಂತ ಹೇಳುವುದು ಅಷ್ಟೇನೂ ಕಷ್ಟವಿಲ್ಲ. ಕುದುರೆ ವಿಷಯದಲ್ಲಿ ಕಷ್ಟ, ಯಾಕೆಂದರೆ ಇಲ್ಲಿ ಕಣಕ್ಕೆ ಇಳಿಯುವವರು ಇಬ್ಬರು. ಸವಾರರು ಬ್ಯಾಂಕಿನಲ್ಲೋ ಶಾಲೆಯಲ್ಲೋ ಕೆಲಸ ಮಾಡಿಕೊಂಡು ವಾರದ ಕೊನೆಗೆ ಹವ್ಯಾಸಿ ಆಗಬಹುದು. ಕುದುರೆಗೆ ಮಾತ್ರ ರಜೆ ಇಲ್ಲ. ಅದಕ್ಕೆ ದಿನಾ ಮೇವು ಬೇಕು, ಮಾಲೀಶು ಬೇಕು, ಲದ್ದಿ ಎತ್ತಬೇಕು, ಮೈ ಸಡಿಲಾಗುವ ಹಾಗೆ ಕೆಲಸ ಕೊಡಬೇಕು. ಯಜಮಾನಿ ಆಫೀಸಿನಲ್ಲಿರುವಾಗ ಇದನ್ನೆಲ್ಲ ಯಾರು ಮಾಡುತ್ತಾರೆ? ಒಂದು ದೇಶದ ಕುದುರೆ ಲೋಕ ಹೇಗಿದೆ ಅಂತ ತಿಳಿಯಬೇಕಾದರೆ ಈ ಒಂದು ಪ್ರಶ್ನೆ ಕೇಳಿದರೆ ಸಾಕು ಅಂತ ನನಗನ್ನಿಸುತ್ತದೆ.

ಹವ್ಯಾಸಿ ಯಾರು ಅನ್ನುವ ಜಗಳ ಹಳೆಯದು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಒಲಿಂಪಿಕ್ಸ್ ಸವಾರಿ ಅಂದರೆ ಹೆಚ್ಚುಕಡಿಮೆ ಸೇನಾಧಿಕಾರಿಗಳ ಆಟವಾಗಿತ್ತು. ಹವ್ಯಾಸಿಗಳಿಗೆ ಮಾತ್ರ ಪ್ರವೇಶ. ಅಧಿಕಾರಿ ದೊಡ್ಡ ಮನುಷ್ಯ, ಹಾಗಾಗಿ ಅವನು ಹವ್ಯಾಸಿ. ಅವನ ಕೈಕೆಳಗಿನ ಸಾರ್ಜೆಂಟ್ ಸಂಬಳಕ್ಕೆ ಕುದುರೆ ಪಳಗಿಸುವವನು, ಹಾಗಾಗಿ ಅವನು ವೃತ್ತಿಯವನು. ಇಬ್ಬರಿಗೂ ಸಂಬಳ ಕೊಡುತ್ತಿದ್ದುದು ಅದೇ ಸೇನೆ ಅನ್ನೋದು ಬೇರೆ ಮಾತು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಡ್ರೆಸಾಜ್ ತಂಡದ ಚಿನ್ನ ಸ್ವೀಡನ್ನಿಗೆ ಬಂತು. ಡ್ರೆಸಾಜ್ ಅಂದರೆ ಅಳತೆಯ ಅಂಗಳದಲ್ಲಿ, ಮೊದಲೇ ಗೊತ್ತುಮಾಡಿದ ನಡೆಗಳನ್ನು ಕುದುರೆಯಿಂದ ಸಲೀಸಾಗಿ ಮಾಡಿಸುವ ವಿದ್ಯೆ. ಒಂದೊಂದು ನಡೆಗೂ ಸೊನ್ನೆಯಿಂದ ಹತ್ತರವರೆಗೆ ಅಂಕ. ಗೆದ್ದ ಮೂವರಲ್ಲಿ ಒಬ್ಬ ಯೆನೆಲ್ ಪೆರ್ಶೋನ್. ಅವನು ಸಾರ್ಜೆಂಟ್. ಆಟಕ್ಕೆ ಸ್ವಲ್ಪ ಮೊದಲು ಅವನಿಗೆ ಲೆಫ್ಟಿನೆಂಟ್ ಪಟ್ಟ ಕಟ್ಟಿದ್ದರು, ಆಟ ಮುಗಿದ ಕೆಲವೇ ವಾರಗಳಲ್ಲಿ ಮತ್ತೆ ಸಾರ್ಜೆಂಟ್ ಮಾಡಿದರು. ಗುಟ್ಟು ಬಯಲಾಯಿತು. 1949ರಲ್ಲಿ ಪದಕ ಕಿತ್ತುಕೊಂಡು ಫ್ರಾನ್ಸಿಗೆ ಕೊಟ್ಟರು. ಕುದುರೆ ಅದೇ, ಕೈ ಅದೇ, ನಡೆಗಳೂ ಅವೇ. ತಪ್ಪಿದ್ದು ಹೆಗಲ ಮೇಲಿನ ಪಟ್ಟಿ ಒಂದೇ.

ಅಷ್ಟರಲ್ಲಿ ಈ ನಿಯಮ ಎಷ್ಟು ಪೊಳ್ಳು ಅಂತ ಎಲ್ಲರಿಗೂ ಗೊತ್ತಾಗಿತ್ತು. 1952ರ ಹೆಲ್ಸಿಂಕಿ ಹೊತ್ತಿಗೆ ಸೇನೆಯವರಾದರೆ ಅಧಿಕಾರಿಯೇ ಆಗಿರಬೇಕು ಅನ್ನುವ ಷರತ್ತು ಹೋಯಿತು, ಡ್ರೆಸಾಜ್ ಹೆಂಗಸರಿಗೂ ತೆರೆಯಿತು. ಅದೇ ಮೂವರು ಸ್ವೀಡನ್ನಿಗರು ಬಂದು ಚಿನ್ನ ಗೆದ್ದರು, ಪೆರ್ಶೋನ್ ಸೇರಿ. ಒಂಟಿ ವಿಭಾಗದ ಬೆಳ್ಳಿ ಡೆನ್ಮಾರ್ಕಿನ ಲಿಸ್ ಹಾರ್ಟೆಲ್‌ಗೆ. ಪೋಲಿಯೊದಿಂದ ಆಕೆಗೆ ಮೊಣಕಾಲಿನ ಕೆಳಗೆ ಸ್ವಾಧೀನ ಇರಲಿಲ್ಲ. ಕುದುರೆ ಹತ್ತಲು ಇಳಿಯಲು ಇನ್ನೊಬ್ಬರು ಹಿಡಿಯಬೇಕಿತ್ತು.

ಅಲ್ಲಿಂದಾಚೆಗೆ ‘ಹವ್ಯಾಸಿ’ ಅನ್ನುವ ಪದವನ್ನು ಒಂದೊಂದು ದೇಶ ಒಂದೊಂದು ಕಡೆಗೆ ಎಳೆದುಕೊಂಡು ಹೋಯಿತು.

ಅಮೆರಿಕದಲ್ಲಿ ಗೆರೆ ಎಳೆದಿರುವುದು ದುಡ್ಡಿನ ಮೇಲೆ. ಯುಎಸ್ ಇಕ್ವೆಸ್ಟ್ರಿಯನ್ ಫೆಡರೇಶನ್ ಅಲ್ಲಿನ ರಾಷ್ಟ್ರೀಯ ಸಂಸ್ಥೆ. ಅದರ ಲೆಕ್ಕದಲ್ಲಿ 18 ತುಂಬುವ ತನಕ ಸವಾರರು ಜೂನಿಯರ್. ಆಮೇಲೆ ಹವ್ಯಾಸಿ ಆಗಿಯೇ ಉಳಿಯಬೇಕಾದರೆ ಬೇರೆಯವರ ಕುದುರೆ ಏರುವುದಕ್ಕೆ, ಪಳಗಿಸುವುದಕ್ಕೆ, ಸವಾರಿ ಕಲಿಸುವುದಕ್ಕೆ ಕಾಸು ಮುಟ್ಟಬಾರದು. ಅದೇ ಕುದುರೆಗೆ ಮಾಲೀಶು ಮಾಡಿ ಕೂಲಿ ಪಡೆಯಬಹುದು. ಲಾಳ ಕಟ್ಟಿ ಪಡೆಯಬಹುದು. ಜೀನು ಲಗಾಮಿನ ಅಂಗಡಿ ಇಡಬಹುದು, ಲಾಯ ಬಾಡಿಗೆಗೆ ಕೊಡಬಹುದು. ಬೆನ್ನೇರಿ ದುಡ್ಡು ತಗೊಂಡರೆ ಮಾತ್ರ ಕೆಟ್ಟಿತು.

ಈ ನಿಯಮದಲ್ಲಿ ಸವಾರಿ ಎಷ್ಟು ಚೆನ್ನಾಗಿ ಬರುತ್ತದೆ ಅನ್ನುವ ಮಾತೇ ಇಲ್ಲ, ನೋಡಿ. ಮೂವತ್ತು ವರ್ಷದಿಂದ ಒಳ್ಳೆಯ ಕುದುರೆ, ಒಳ್ಳೆಯ ಗುರು ಇಟ್ಟುಕೊಂಡು ಆಡುತ್ತಿರುವ ಶ್ರೀಮಂತರು ಹವ್ಯಾಸಿ. ಫೀಸು ಕಟ್ಟಲಾಗದೆ, ಲಾಯದವರ ಎಳೆ ಕುದುರೆಗಳನ್ನು ಏರಿ ನಾಲ್ಕು ಕಾಸು ಕಾಣುವ ಹತ್ತೊಂಬತ್ತರ ಹುಡುಗಿ ವೃತ್ತಿಯವಳು. ಅವಳು ಹವ್ಯಾಸಿಗಳ ವಿಭಾಗಕ್ಕೆ ಇಳಿಯುವ ಹಾಗಿಲ್ಲ. ಅಲ್ಲಿನ ಲಾಯಗಳಲ್ಲಿ ಇದು ಮುಗಿಯದ ಗೊಣಗಾಟ. ಗೊಣಗುವುದರಲ್ಲಿ ನ್ಯಾಯ ಇದೆ ಅಂತಲೇ ನನಗನ್ನಿಸುತ್ತದೆ. ಆದರೆ ಇನ್ನೊಂದು ಮಗ್ಗುಲೂ ಇದೆ. ದಿನಕ್ಕೆ ಹತ್ತು ಕುದುರೆ ಏರುವವರ ಎದುರು ವಾರಕ್ಕೆ ಎರಡು ಸಲ ಲಾಯಕ್ಕೆ ಬರುವವರನ್ನು ನಿಲ್ಲಿಸಿದರೆ ಅವರು ಪ್ರವೇಶ ಶುಲ್ಕ ಕಟ್ಟುವುದನ್ನೇ ಬಿಡುತ್ತಾರೆ. ಅವರ ಶುಲ್ಕದಿಂದಲೇ ಅಲ್ಲಿನ ಪ್ರದರ್ಶನಗಳು ನಡೆಯುವುದು.

ಅಮೆರಿಕದಲ್ಲಿ ಜಿಗಿತದ ಪ್ರದರ್ಶನಕ್ಕೆ ಮೂರು ಮುಖ. ಜಂಪರ್ ಸುಲಭ: ಅಡ್ಡಗಂಬ ಬಿದ್ದರೆ 4 ತಪ್ಪಂಕ, ಉಳಿದದ್ದು ಗಡಿಯಾರದ ಲೆಕ್ಕ. ಇಕ್ವಿಟೇಶನ್‌ನಲ್ಲಿ ಅಂಕ ಸವಾರರ ಕೂರುವ ರೀತಿಗೆ, ಕೈಗೆ, ಕಣ್ಣಿಗೆ. ಹೊರಗಿನವರಿಗೆ ಅರ್ಥವಾಗದೆ ಉಳಿಯುವುದು ಹಂಟರ್. ನರಿ ಬೇಟೆಗೆ ಹೋಗುತ್ತಿದ್ದ ಕುದುರೆಯ ನೆನಪಿನಲ್ಲಿ ಹುಟ್ಟಿದ ವಿಭಾಗ ಇದು. ಬೇಲಿಗಳು ಪೊದೆ, ಮರದ ದಿಮ್ಮಿಗಳ ಹಾಗೆ ಕಾಣುತ್ತವೆ. ಕುದುರೆ ಒಂದೇ ವೇಗದಲ್ಲಿ, ಎರಡು ಬೇಲಿಗಳ ನಡುವೆ ಎಣಿಸಿದಷ್ಟೇ ಹೆಜ್ಜೆ ಹಾಕಿ, ಮಂಡಿ ಎತ್ತಿ ದುಂಡಗೆ ಹಾರಬೇಕು. ಸವಾರರು ಏನೂ ಮಾಡುತ್ತಿಲ್ಲ ಅನ್ನಿಸಬೇಕು. ತೀರ್ಪುಗಾರರು ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ನೋಡುವವರಿಗೆ ಬೇಜಾರು ಹುಟ್ಟಿಸುವಷ್ಟು ಸರಾಗವಾಗಿದ್ದರೆ ಅದೇ ಒಳ್ಳೆಯ ಸುತ್ತು.

ಈ ಸರಾಗತನ ಎಲ್ಲಿಂದ ಬರುತ್ತದೆ? ದೊಡ್ಡ ಪ್ರದರ್ಶನದ ಬೆಳಗ್ಗೆ ಹೋಗಿ ನೋಡಬೇಕು. ಬಿಸಿಲು ಏರುವ ಮೊದಲೇ ತರಬೇತುದಾರರು ಕುದುರೆ ಏರಿ ಅದರ ಹುರುಪು ಇಳಿಸಿರುತ್ತಾರೆ. ಲಾಯದ ಆಳು ಕುತ್ತಿಗೆಯ ಕೂದಲನ್ನು ಸಣ್ಣ ಸಣ್ಣ ಜಡೆ ಹೆಣೆದು ಉಣ್ಣೆದಾರದಲ್ಲಿ ಕಟ್ಟಿರುತ್ತಾನೆ. ಯಜಮಾನಿ ಹತ್ತು ಗಂಟೆಗೆ ಬರುತ್ತಾರೆ. ಕುದುರೆ ಜೀನು ಹಾಕಿಕೊಂಡು ನಿಂತಿರುತ್ತದೆ. ಆಕೆ ಏರುತ್ತಾರೆ, ಅಭ್ಯಾಸಕ್ಕೆ ನಾಲ್ಕು ಬೇಲಿ ಹಾರುತ್ತಾರೆ. ಕಣದ ಬಾಗಿಲಲ್ಲಿ ತರಬೇತುದಾರರು ಲಗಾಮಿಗೆ ಕೈಯಿಟ್ಟು ‘ಮೊದಲ ಬೇಲಿಗೆ ಅವಸರ ಬೇಡ’ ಅನ್ನುತ್ತಾರೆ. ಆಳು ಒದ್ದೆ ಬಟ್ಟೆಯಿಂದ ಕುದುರೆಯ ಬಾಯಿಯ ನೊರೆ ಒರೆಸಿ, ಅದೇ ಬಟ್ಟೆಯಲ್ಲಿ ಯಜಮಾನಿಯ ಬೂಟಿನ ದೂಳು ಒರೆಸುತ್ತಾನೆ. ಎರಡು ನಿಮಿಷದ ಸುತ್ತು. ವಾಪಸು ಬಂದು ಲಗಾಮು ಆಳಿನ ಕೈಗೆ. ಅಲ್ಲಿನ ಎಲ್ಲ ಲಾಯಗಳೂ ಹೀಗೇ ಅಂತೇನಿಲ್ಲ. ಹಿತ್ತಲಲ್ಲಿ ಕುದುರೆ ಕಟ್ಟಿಕೊಂಡು, ತಾವೇ ಟ್ರೇಲರ್ ಎಳೆದುಕೊಂಡು ಬರುವವರೂ ಬೇಕಾದಷ್ಟು. ಆದರೂ ಈ ಪೂರ್ತಿ ಸೇವೆಯ ಲಾಯ ಅಮೆರಿಕದ ಹಂಟರ್ ಲೋಕದ ಗುರುತು. ತಮಾಷೆ ಏನು ಗೊತ್ತಾ? ಕುದುರೆ ತರಬೇತುದಾರ ಅಂತ ಬೋರ್ಡು ಹಾಕಿಕೊಳ್ಳಲು ಅಲ್ಲಿ ಹೆಚ್ಚಿನ ಕಡೆ ಯಾವ ಪರವಾನಗಿಯೂ ಬೇಡ.

ಪಶ್ಚಿಮದ ದನಗಾಹಿ ಸವಾರಿಯಿಂದ ಹುಟ್ಟಿದ ರೈನಿಂಗ್ ಕಡೆ ಹೋದರೆ ಗಾಳಿ ಬೇರೆ. ಎಲ್ಲರೂ 70 ಅಂಕದಿಂದ ಶುರು ಮಾಡುತ್ತಾರೆ. ಗಿರ್ರನೆ ತಿರುಗುವುದು, ಓಡಿ ಬಂದು ಹಿಂಗಾಲಿನ ಮೇಲೆ ಜಾರುತ್ತ ನಿಲ್ಲುವುದು, ಹೀಗೆ ಒಂದೊಂದು ವರಸೆಗೂ ಒಂದೂವರೆ ಅಂಕದವರೆಗೆ ಕೂಡುತ್ತಾರೆ, ಇಲ್ಲವೇ ಕಳೆಯುತ್ತಾರೆ. ಹವ್ಯಾಸಿ ಅನ್ನುವ ಪದದ ಗೊಡವೆಯೇ ಬೇಡ ಅಂತ ಇವರು ವಿಭಾಗಕ್ಕೆ ‘ನಾನ್ ಪ್ರೊ’ ಅಂತ ಹೆಸರಿಟ್ಟಿದ್ದಾರೆ. ಬೇರೆಯವರ ಕುದುರೆ ಪಳಗಿಸಿ ಸಂಬಳ ತಗೊಳ್ಳದಿದ್ದರೆ ಆಯಿತು. ತಮ್ಮ ಕುದುರೆಯನ್ನು ಮರಿಯಿಂದ ತಾವೇ ಪಳಗಿಸಿ ಬಹುಮಾನದ ಹಣ ಗೆಲ್ಲುವವರು ಇಲ್ಲಿ ತುಂಬ ಜನ.

ಒಂದು ಕಹಿ ವಿಷಯವನ್ನೂ ಹೇಳಿಬಿಡಬೇಕು. ತೀರ್ಪುಗಾರರು ಏನನ್ನು ಮೆಚ್ಚುತ್ತಾರೋ ತರಬೇತಿ ಅತ್ತ ವಾಲುತ್ತದೆ. ಟೆನೆಸಿ ವಾಕಿಂಗ್ ಹಾರ್ಸ್ ಅನ್ನುವ ತಳಿಯ ಕೆಲವು ಪ್ರದರ್ಶನಗಳಲ್ಲಿ ಮುಂಗಾಲನ್ನು ಎದೆಮಟ್ಟ ಎತ್ತುವ ನಡೆಗೆ ಚಪ್ಪಾಳೆ ಸಿಗುತ್ತಿತ್ತು. ಹಾಗೆ ಎತ್ತಿಸಲು ಕೆಲವರು ಕಾಲಿಗೆ ಉರಿ ಹುಟ್ಟಿಸುವ ರಾಸಾಯನಿಕ ಹಚ್ಚಿದರು. ನೆಲಕ್ಕೆ ಊರಿದರೆ ನೋವು, ಅದಕ್ಕೇ ಕುದುರೆ ಕಾಲು ಚಿಮ್ಮುತ್ತದೆ. ಇದನ್ನು ತಡೆಯಲು 1970ರಲ್ಲಿ ಅಮೆರಿಕ ಕುದುರೆ ಸಂರಕ್ಷಣಾ ಕಾಯಿದೆ ತಂದಿತು. ಜಗಳ ಅಲ್ಲಿಗೆ ಮುಗಿಯಲಿಲ್ಲ.

ಅಟ್ಲಾಂಟಿಕ್ ದಾಟಿ ಫ್ರಾನ್ಸಿಗೆ ಬಂದರೆ ‘ಅಮಾತರ್’, ಅಂದರೆ ಹವ್ಯಾಸಿ, ಅನ್ನುವುದು ಒಂದು ದರ್ಜೆಯ ಹೆಸರು. ಸ್ಪರ್ಧೆಗಳು ಕ್ಲಬ್, ಅಮಾತರ್, ಪ್ರೊ ಅಂತ ಮೆಟ್ಟಿಲು ಮೆಟ್ಟಿಲಾಗಿವೆ. ನಾನು ದುಡ್ಡು ತಗೊಂಡಿಲ್ಲ ಅಂದ ಮಾತ್ರಕ್ಕೆ ಅಮಾತರ್ ಆಗುವುದಿಲ್ಲ. ಅದಕ್ಕೆ ಗಾಲೋ 7 ಪಾಸಾಗಿರಬೇಕು. ಗಾಲೋ ಅಂದರೆ ಸವಾರಿಯ ತರಗತಿಗಳು, ಒಂದರಿಂದ ಶುರು. ಮೊದಲ ಗಾಲೋದಲ್ಲೇ ಮಗು ಪೋನಿಯ, ಅಂದರೆ ಗಿಡ್ಡ ಜಾತಿಯ ಕುದುರೆಯ, ಹತ್ತಿರ ಹೇಗೆ ಹೋಗಬೇಕು, ಮೈ ಹೇಗೆ ಉಜ್ಜಬೇಕು, ಯಾವ ಅಂಗಕ್ಕೆ ಏನು ಹೆಸರು ಅಂತ ಕಲಿಯಬೇಕು. ಬೆನ್ನ ಮೇಲಿನ ಪರೀಕ್ಷೆ ಎಷ್ಟು ಮುಖ್ಯವೋ ನೆಲದ ಮೇಲಿನದೂ ಅಷ್ಟೇ. ಜುಲೈ ತಿಂಗಳಲ್ಲಿ ಲಾಮೊತ್ ಬೆವ್ರೋ ಎಂಬ ಸಣ್ಣ ಊರಿನಲ್ಲಿ ಪೋನಿ ಮತ್ತು ಕ್ಲಬ್ ಸವಾರರ ರಾಷ್ಟ್ರೀಯ ಸ್ಪರ್ಧೆ ನಡೆಯುತ್ತದೆ. ಸಾವಿರಾರು ಮಕ್ಕಳು ಬರುತ್ತಾರೆ. ಬಹಳ ಮಕ್ಕಳು ಏರುವುದು ಸ್ವಂತ ಕುದುರೆಯನ್ನಲ್ಲ, ಕ್ಲಬ್ಬಿನ ಪೋನಿಯನ್ನು. ವಾರವಿಡೀ ಅದೇ ಪೋನಿ ಹತ್ತು ಮಕ್ಕಳಿಗೆ ಪಾಠ ಹೇಳಿ ಬಂದಿರುತ್ತದೆ.

ಜರ್ಮನಿಯಲ್ಲಿ ಮೆಟ್ಟಿಲು ಇನ್ನೂ ಗಟ್ಟಿ. ವಾರೆನ್‌ಡೋರ್ಫ್‌ನಲ್ಲಿರುವ ರಾಷ್ಟ್ರೀಯ ಸಂಸ್ಥೆ ಸ್ಪರ್ಧೆಗಳನ್ನು ಇ, ಎ, ಎಲ್, ಎಂ, ಎಸ್ ಅಂತ ವಿಂಗಡಿಸಿದೆ. ಇ ಹೊಸಬರಿಗೆ, ಎಸ್ ಕಠಿಣ. ಮೇಲೆ ಹೋಗಬೇಕಾದರೆ ಸವಾರಿಯ ಬ್ಯಾಜ್ ಪರೀಕ್ಷೆ ಪಾಸು ಮಾಡಬೇಕು. ಕುದುರೆಯ ತರಬೇತಿಗೂ ಆರು ಹಂತಗಳ ಒಂದು ಏಣಿ ಇದೆ. ಮೊದಲು ಹೆಜ್ಜೆಯ ಲಯ. ಆಮೇಲೆ ಮೈ ಸಡಿಲಾಗುವುದು. ಆಮೇಲೆ ಕಡಿವಾಣದ ಮೇಲೆ ಮೃದುವಾದ ಒತ್ತು, ಹಿಂಗಾಲಿನ ಚಿಮ್ಮು, ಮೈ ನೇರವಾಗುವುದು. ಕೊನೆಗೆ ಭಾರವನ್ನು ಹಿಂಗಾಲಿಗೆ ತಂದು ಮೈಯನ್ನು ಒಟ್ಟುಗೂಡಿಸಿಕೊಳ್ಳುವುದು. ಇದರ ಬೇರು 1912ರ ಸೇನಾ ಸವಾರಿ ಕೈಪಿಡಿಯಲ್ಲಿದೆ. ಸೇನೆಯ ಕುದುರೆಗಳು ಹೋದವು, ಕೈಪಿಡಿಯ ಬುದ್ಧಿ ಉಳಿಯಿತು. ಹಳ್ಳಿಯ ಕ್ಲಬ್ಬಿನ ಗುರುವೂ, ಒಲಿಂಪಿಕ್ಸ್ ಗುರುವೂ ಇದೇ ಆರು ಮಾತುಗಳಲ್ಲಿ ತಪ್ಪು ಹೇಳುತ್ತಾರೆ. ಕುದುರೆ ಕೆಲಸವೇ ಹೊಟ್ಟೆಪಾಡು ಅನ್ನುವವರು ಬಡಗಿ, ಬೇಕರಿಯವರ ಹಾಗೆ ಮೂರು ವರ್ಷ ಶಿಷ್ಯವೃತ್ತಿ ಮಾಡಿ ಪರೀಕ್ಷೆ ಬರೆಯುತ್ತಾರೆ. ಬೋರ್ಡು ಹಾಕಿಕೊಂಡರೆ ಸಾಕು ಅನ್ನುವ ಅಮೆರಿಕಕ್ಕೂ ಇದಕ್ಕೂ ಎಷ್ಟು ದೂರ, ಅಲ್ವಾ?

ಜರ್ಮನಿಯ ಹವ್ಯಾಸಿಗಳ ನೆಲೆ ಊರಿನ ಸವಾರಿ ಸಂಘ. ಸದಸ್ಯರಿಗೆ ಚಂದಾ ಮಾತ್ರವಲ್ಲ, ಬಹಳ ಸಂಘಗಳಲ್ಲಿ ವರ್ಷಕ್ಕೆ ಇಷ್ಟು ಗಂಟೆ ದುಡಿಯಬೇಕು ಅನ್ನುವ ಕಟ್ಟಳೆ ಉಂಟು. ಬೇಲಿಗೆ ಬಣ್ಣ ಬಳಿಯುತ್ತಾರೆ, ಸ್ಪರ್ಧೆಯ ದಿನ ಬಿದ್ದ ಕಂಬ ಎತ್ತಿಡುತ್ತಾರೆ, ಕೇಕ್ ಮಾರುತ್ತಾರೆ. ಕೆಳಹಂತದ ಜಿಗಿತದಲ್ಲಿ ಶೈಲಿಗೂ ಅಂಕ. ಸುತ್ತು ಮುಗಿದ ಮೇಲೆ ತೀರ್ಪುಗಾರರು ಧ್ವನಿವರ್ಧಕದಲ್ಲೇ ವಿಮರ್ಶೆ ಹೇಳುವುದುಂಟು: ಮೂರನೇ ಬೇಲಿಗೆ ತುಂಬ ಹತ್ತಿರ ಬಂದಿರಿ, ಕೈ ಗಟ್ಟಿಯಾಯಿತು. ಇಡೀ ಊರು ಕೇಳಿಸಿಕೊಳ್ಳುತ್ತದೆ. ಸವಾರರು ತಲೆಯಾಡಿಸಿ ಹೊರಗೆ ಹೋಗುತ್ತಾರೆ.

ಬ್ರಿಟನ್ನಿನ ಪ್ರದರ್ಶನದಲ್ಲಿ ನನಗೆ ಬಹಳ ಇಷ್ಟವಾದ ಪದ್ಧತಿ ಒಂದಿದೆ. ಹಂಟರ್, ಹ್ಯಾಕ್ (ನಾಜೂಕಾದ ಸವಾರಿ ಕುದುರೆ), ಕಾಬ್ (ಗಟ್ಟಿಮುಟ್ಟಾದ ಗಿಡ್ಡ ಕುದುರೆ) ಮುಂತಾದ ವಿಭಾಗಗಳಲ್ಲಿ ತೀರ್ಪುಗಾರರು ಬರೀ ಕಣ್ಣಿನಿಂದ ನೋಡಿ ಬಿಡುವುದಿಲ್ಲ. ಕುದುರೆಯನ್ನು ತಾವೇ ಏರುತ್ತಾರೆ. ಎಲ್ಲರೂ ಸಾಲಾಗಿ ನಿಲ್ಲುತ್ತಾರೆ. ಸವಾರರು ಇಳಿದು ರಿಕಾಪಿನ ಉದ್ದ ಸರಿಮಾಡಿ ಕೊಡುತ್ತಾರೆ. ತೀರ್ಪುಗಾರರು ಒಂದೊಂದೇ ಕುದುರೆ ಏರಿ ಒಂದು ಸುತ್ತು ನಡೆಸಿ, ಕುಕ್ಕುಲೋಟ ಓಡಿಸಿ, ಕೊನೆಗೆ ನಾಗಾಲೋಟ ಬಿಟ್ಟು ನೋಡುತ್ತಾರೆ. ಆಮೇಲೆ ಜೀನು ಕಳಚಿ ಮೈಕಟ್ಟು ನೋಡುವ ಸರದಿ. ಜೀನಿನ ಬೆವರ ಗುರುತು ಒರೆಸಲು ಸಹಾಯಕರು ಬ್ರಷ್ ಹಿಡಿದು ಒಳಗೆ ಓಡುತ್ತಾರೆ.

ಈ ಒಂದು ಪದ್ಧತಿ ತರಬೇತಿಯನ್ನೇ ಬದಲಿಸುತ್ತದೆ. ಯಜಮಾನಿಯ ಕಾಲು, ಕೈ ಮಾತ್ರ ಅರಿತ ಕುದುರೆ ಇಲ್ಲಿ ಗೆಲ್ಲುವುದಿಲ್ಲ. ಅಪರಿಚಿತರು ಏರಿದರೂ, ಅವರು ದಪ್ಪಗಿರಲಿ ಸಣ್ಣಗಿರಲಿ, ಅದು ಬೆಚ್ಚದೆ ನಡೆಯಬೇಕು. ಹಾಗಾಗಿ ಪ್ರದರ್ಶನಕ್ಕೆ ಮೊದಲು ಸ್ನೇಹಿತರನ್ನೆಲ್ಲ ಕರೆದು ‘ಸ್ವಲ್ಪ ಏರಿ ನೋಡಿ’ ಅನ್ನುವುದು ಅಲ್ಲಿ ಮಾಮೂಲು. ತೋರಿಕೆಗೆ ಮಾತ್ರ ಚಂದ ಇರುವ ಕುದುರೆಯ ಬಂಡವಾಳ ತೀರ್ಪುಗಾರರು ಜೀನಿನ ಮೇಲೆ ಕೂತ ಅರ್ಧ ನಿಮಿಷಕ್ಕೆ ಹೊರಬೀಳುತ್ತದೆ.

ಅಲಂಕಾರದಲ್ಲೂ ಅವರದು ಬಿಗಿ ನಿಯಮ. ಹಂಟರ್ ಕುದುರೆಗೆ ಜಡೆ ಹೆಣೆದು ಉಂಡೆ ಕಟ್ಟಬೇಕು. ಕಾಬ್ ಕುದುರೆಯ ಕುತ್ತಿಗೆ ಕೂದಲನ್ನು ಪೂರ್ತಿ ಬೋಳಿಸಬೇಕು. ಬೆಟ್ಟ ಬಯಲಿನ ದೇಸಿ ಪೋನಿಗಳಿಗೆ ಜಡೆಯೂ ಬೇಡ, ಕತ್ತರಿಯೂ ಬೇಡ. ಕೆದರಿದ ಕೂದಲೇ ಅವುಗಳ ಅಂದ.

ಇನ್ನು ಲದ್ದಿ ಎತ್ತುವ ಪ್ರಶ್ನೆ. ಬ್ರಿಟನ್ನಿನ ಸಾಮಾನ್ಯ ಹವ್ಯಾಸಿಗಳು ಇರುವುದು ‘ಡಿಐವೈ ಲಿವರಿ’ಯಲ್ಲಿ. ಲಾಯ ಮತ್ತು ಹುಲ್ಲುಗಾವಲು ಮಾತ್ರ ಬಾಡಿಗೆಗೆ, ಉಳಿದ ಕೆಲಸ ನಿಮ್ಮದೇ. ಚಳಿಗಾಲದಲ್ಲಿ ಕತ್ತಲೆ ಹರಿಯುವ ಮೊದಲೇ ಹಣೆಗೆ ಟಾರ್ಚ್ ಕಟ್ಟಿಕೊಂಡು, ಹೆಪ್ಪುಗಟ್ಟಿದ ಬಕೆಟ್ಟಿನ ಮೇಲಿನ ಮಂಜುಗಡ್ಡೆ ಒಡೆದು, ಲಾಯ ಗುಡಿಸಿ, ಆಫೀಸಿಗೆ ಓಡುತ್ತಾರೆ. ಸಂಜೆ ಮತ್ತೆ ಅದೇ. ಇದರ ಅಭ್ಯಾಸ ಚಿಕ್ಕಂದಿನಿಂದ ಆಗಿರುತ್ತದೆ, ಪೋನಿ ಕ್ಲಬ್ಬಿನಲ್ಲಿ. 1929ರಲ್ಲಿ ಶುರುವಾದ ಈ ಕ್ಲಬ್ ಈಗ ಹಲವಾರು ದೇಶಗಳಲ್ಲಿದೆ. ಅಲ್ಲಿ ಮಕ್ಕಳು ಪೋನಿ ಮೇಲೆ ಆಡುವ ಓಟದ ಆಟಗಳಿಗೆ ‘ಜಿಮ್ಖಾನಾ’ ಅಂತ ಹೆಸರು. ಹೌದು, ಅದೇ ಜಿಮ್ಖಾನಾ. ಬ್ರಿಟಿಷರು ಭಾರತದಿಂದ ಹೊತ್ತುಕೊಂಡು ಹೋದ ಪದ. ಸವಾರಿಯ ಚಲ್ಲಣವನ್ನು ಅವರು ಇವತ್ತಿಗೂ ‘ಜೋಧ್‌ಪುರ್ಸ್’ ಅಂತಲೇ ಕರೆಯುವುದು.

ಸ್ವೀಡನ್ನಿನಲ್ಲಿ ಕುದುರೆ ಲಾಯ ಒಂದು ರೀತಿ ಮಕ್ಕಳ ಸಂಘ. ಸವಾರಿ ಶಾಲೆಗಳನ್ನು ಹೆಚ್ಚಾಗಿ ಲಾಭಕ್ಕೆ ನಿಲ್ಲದ ಕ್ಲಬ್‌ಗಳೇ ನಡೆಸುತ್ತವೆ, ಸ್ಥಳೀಯ ಆಡಳಿತದ ನೆರವೂ ಇರುತ್ತದೆ. ಬರುವವರಲ್ಲಿ ಹುಡುಗಿಯರೇ ಜಾಸ್ತಿ. ಪಾಠ ಒಂದು ಗಂಟೆಯಾದರೆ ಲಾಯದಲ್ಲಿ ಕಳೆಯುವುದು ಮೂರು ಗಂಟೆ. ದೊಡ್ಡ ಹುಡುಗಿ ಸಣ್ಣವಳಿಗೆ ಗೊರಸು ಕೆರೆಯುವುದು ಹೇಳಿಕೊಡುತ್ತಾಳೆ. ಒಂದು ಕಾಲದಲ್ಲಿ ಸಾರ್ಜೆಂಟನ ಪದಕ ಕಳೆದುಕೊಂಡ ದೇಶದಲ್ಲಿ ಈಗ ಲಾಯದ ಯಜಮಾನಿಕೆ ಹದಿನಾಲ್ಕರ ಹುಡುಗಿಯರ ಕೈಯಲ್ಲಿದೆ ಅಂದರೆ ತೀರಾ ಉತ್ಪ್ರೇಕ್ಷೆ ಆಗದು.

ಹೊಲ, ದೊಡ್ಡಿಯ ಕೆಲಸದಿಂದಲೇ ಆಟ ಕಟ್ಟಿಕೊಂಡ ನಾಡುಗಳೂ ಇವೆ. ಆಸ್ಟ್ರೇಲಿಯಾದ ಕ್ಯಾಂಪ್‌ಡ್ರಾಫ್ಟ್‌ನಲ್ಲಿ ಸವಾರರು ಮಂದೆಯಿಂದ ಒಂದು ದನವನ್ನು ಬೇರ್ಪಡಿಸಬೇಕು. ಹಿಡಿತ ಬಂತು ಅನ್ನಿಸಿದಾಗ ‘ಗೇಟು’ ಅಂತ ಕೂಗಿ, ಹೊರಗಿನ ಬಯಲಿನಲ್ಲಿ ಅದನ್ನು ಗೂಟಗಳ ಸುತ್ತ ಅಟ್ಟಬೇಕು. ಬೇರ್ಪಡಿಸುವುದಕ್ಕೆ 26, ಕುದುರೆಯ ಕೆಲಸಕ್ಕೆ 70, ದಾರಿ ಮುಗಿಸುವುದಕ್ಕೆ 4, ಒಟ್ಟು 100 ಅಂಕ. ತಪ್ಪಾದರೆ ತೀರ್ಪುಗಾರರು ಚಾಟಿ ಛಟೀರೆನ್ನಿಸುತ್ತಾರೆ, ಅಲ್ಲಿಗೆ ಆಟ ಮುಗಿಯಿತು. ಅಜ್ಜ, ಮಗಳು, ಮೊಮ್ಮಗ ಒಂದೇ ಕಣದಲ್ಲಿ ಇಳಿಯುತ್ತಾರೆ. ಮೆಕ್ಸಿಕೊದ ದನಗಾಹಿಗಳ ಸವಾರಿ ಆಟ ಚರ್ರೆರಿಯಾ ಕೂಡ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದದ್ದು, 2016ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಹೆಂಗಸರ ಎಸ್ಕರಮೂಸಾದಲ್ಲಿ ಎಂಟು ಜನ ಅಗಲ ಲಂಗ ತೊಟ್ಟು, ಒಂದೇ ಮಗ್ಗುಲಿಗೆ ಕಾಲು ಹಾಕಿ ಕೂತು, ಒಬ್ಬರನ್ನೊಬ್ಬರು ಸವರುವಷ್ಟು ಹತ್ತಿರದಲ್ಲಿ ಓಟದಲ್ಲೇ ಹಾದುಹೋಗುತ್ತಾರೆ.

ಕೊನೆಗೆ ಐಸ್‌ಲ್ಯಾಂಡ್. ಅಲ್ಲಿನ ಸಣ್ಣ ಕುದುರೆಗಳಿಗೆ ನಡಿಗೆ, ಕುಕ್ಕುಲೋಟ, ಓಟಗಳ ಜತೆ ಟೋಲ್ಟ್ ಅನ್ನುವ ಇನ್ನೊಂದು ನಡೆ ಉಂಟು. ಬೆನ್ನು ಅಲುಗದೆ ಹರಿಯುವ ನಡೆ ಅದು. ಬಿಯರ್ ತುಂಬಿದ ಲೋಟ ಹಿಡಿದು, ಚೆಲ್ಲದೆ ಸುತ್ತು ಹಾಕುವ ಪಂದ್ಯವನ್ನೂ ಮಾಡಿಕೊಂಡಿದ್ದಾರೆ. ದೇಶದ ದೊಡ್ಡ ಕೂಟ ಲಾಂಡ್ಸ್‌ಮೋಟ್ 1950ರಲ್ಲಿ ಥಿಂಗ್‌ವೆಟ್ಲಿರ್‌ನಲ್ಲಿ ಶುರುವಾಯಿತು. ರೈತರು, ಮೇಷ್ಟ್ರುಗಳು, ಮೀನುಗಾರರು ತಾವೇ ಸಾಕಿದ ಕುದುರೆ ತಂದು ಇಳಿಯುತ್ತಾರೆ.

ಆದರೆ ಅಲ್ಲಿ ಒಂದು ಕಟ್ಟುನಿಟ್ಟು ಕಾನೂನಿದೆ. ಹೊರಗಿನ ಕುದುರೆಗೆ ದೇಶದೊಳಗೆ ಪ್ರವೇಶವಿಲ್ಲ. ದೇಶ ಬಿಟ್ಟು ಹೊರಟ ಐಸ್‌ಲ್ಯಾಂಡಿನ ಕುದುರೆಗೂ ವಾಪಸು ಬರಲು ಬಿಡುವುದಿಲ್ಲ. ರೋಗ ಒಳಗೆ ಬಂದರೆ ತಡೆದುಕೊಳ್ಳುವ ಶಕ್ತಿ ಅಲ್ಲಿನ ಕುದುರೆಗಳಿಗಿಲ್ಲ ಅನ್ನುವ ಭಯ. ಹೊರಗೆ ಬಳಸಿದ ಜೀನು ಲಗಾಮನ್ನೂ ತರುವ ಹಾಗಿಲ್ಲ. ಈ ತಳಿಯ ವಿಶ್ವ ಚಾಂಪಿಯನ್‌ಷಿಪ್ ಎರಡು ವರ್ಷಕ್ಕೊಮ್ಮೆ ಯುರೋಪಿನ ಬೇರೆ ದೇಶಗಳಲ್ಲಿ ನಡೆಯುತ್ತದೆ. ಐಸ್‌ಲ್ಯಾಂಡಿನಿಂದ ಅಲ್ಲಿಗೆ ಹೋಗುವ ಸವಾರರು ಮರಿಯಿದ್ದಾಗಿನಿಂದ ಸಾಕಿದ ತಮ್ಮ ಕುದುರೆಯನ್ನು ವಿಮಾನ ಹತ್ತಿಸುತ್ತಾರೆ, ಓಡಿಸುತ್ತಾರೆ, ಗೆದ್ದರೂ ಸೋತರೂ ಅಲ್ಲೇ ಮಾರಿ ಒಬ್ಬರೇ ಮನೆಗೆ ಬರುತ್ತಾರೆ.